ಲಕ್ಷ್ಮವ್ವನ ಗೋಡೆಯ ಕೆಮ್ಮಣ್ಣು

ನನ್ನ ಕೆಲಸವನ್ನು 'ಆಲ್ಟರ್ ಪೀಸು' ಎಂದು ಕರೆದು ಮುಖಕ್ಕೆ ಎಸೆದವರು ಈ ಊರಿನಲ್ಲಿ ಒಬ್ಬರೇ. ಅವರ ಹೆಸರು ಲಕ್ಷ್ಮವ್ವ. ಕಾಮಾಕ್ಷಿಪಾಳ್ಯದ ಒಂದು ಗಾರ್ಮೆಂಟ್ಸ್‌ನಲ್ಲಿ ಚೆಕ್ಕರ್. ಹೊಲಿದು ಬಂದ ಅಂಗಿಯನ್ನು ಮೇಜಿನ ಮೇಲೆ ಹರಡಿ, ಕಾಲರ್ ಎಳೆದು, ತೋಳು ತಿರುವಿ, ಎಲ್ಲಿ ಹೊಲಿಗೆ ತಪ್ಪಿದೆಯೋ ಅಲ್ಲಿ ಬಾಣದ ಗುರುತಿನ ಪುಟ್ಟ ಸ್ಟಿಕ್ಕರ್ ಅಂಟಿಸಿ ವಾಪಸ್ ಕಳಿಸುವುದು ಅವರ ಕೆಲಸ. ಹಾಗೆ ವಾಪಸ್ ಹೋಗುವ ಅಂಗಿಗೆ ಅಲ್ಲಿ ಆಲ್ಟರ್ ಪೀಸು ಅನ್ನುತ್ತಾರೆ. ಹೊಲಿದವರೇ ಬಿಚ್ಚಬೇಕು, ಹೊಲಿದವರೇ ಮತ್ತೆ ಹೊಲಿಯಬೇಕು. ಹದಿನಾಲ್ಕು ವರ್ಷ ಬೇರೆಯವರ ತಪ್ಪು ಹಿಡಿದು ಪಳಗಿದ ಕಣ್ಣು ಅದು. ಆ ಕಣ್ಣಿಗೆ ಸಿಕ್ಕಿಬಿದ್ದವನು ನಾನು: ರೇವಂತ್, ಡಿಪ್ಲೊಮಾ ಸಿವಿಲ್, ಕಾಂಟ್ರ್ಯಾಕ್ಟ್ ಮೇಲೆ ದುಡಿಯುವ ಸರ್ವೇಯರ್.

ನಗರಕ್ಕೆ ಹವಾಮಾನ ಯೋಜನೆ ಬರೆದುಕೊಡುವ ಗುತ್ತಿಗೆ ಹಿಡಿದಿದ್ದ ಕಂಪನಿಯಲ್ಲಿ ನಾನಿದ್ದೆ. ಮಳೆ ಮೊದಲಿನ ಹಾಗಿಲ್ಲ, ತಿಂಗಳಿಡೀ ಬೀಳಬೇಕಾದದ್ದು ಒಂದು ಸಂಜೆಗೆ ಸುರಿದು ಹೋಗುತ್ತದೆ. ಆದ್ದರಿಂದ ಯಾವ ಬೀದಿ ಮುಳುಗುತ್ತದೆ, ಎಲ್ಲಿ ತಡೆಗೋಡೆ ಬೇಕು, ಎಲ್ಲಿ ನೀರಿಗೆ ಜಾಗ ಬಿಡಬೇಕು ಎಂದು ಮೊದಲೇ ಗುರುತಿಸಿಟ್ಟುಕೊಳ್ಳುವುದು ಯೋಜನೆಯ ಉದ್ದೇಶ. ಉದ್ದೇಶದಲ್ಲಿ ನಾನೇನೂ ಹುಳುಕು ಹುಡುಕುವುದಿಲ್ಲ, ಒಳ್ಳೆಯದೇ. ಆದರೆ ಯೋಜನೆ ಎರಡು ಸಾವಿರದ ಐವತ್ತನೇ ಇಸವಿಯವರೆಗೆ ಯೋಚಿಸಿತ್ತು. ನಮ್ಮ ಕಡೆಯ ರಾಜಕಾಲುವೆಯ ಎರಡೂ ದಂಡೆ ನಡೆದು, ಮನೆ ಮನೆ ನೋಡಿ ಮುಗಿಸಲು ನನಗೆ ಕೊಟ್ಟದ್ದು ಒಂಬತ್ತು ದಿನ.

ಹೋದ ಸೆಪ್ಟೆಂಬರ್‌ನ ಕೊನೆಯ ವಾರ. ಹದಿನೈದು ದಿನದ ಹಿಂದಷ್ಟೇ ಕಾಲುವೆ ಉಕ್ಕಿ ಎರಡೂ ಕಡೆಯ ಮನೆಗಳಿಗೆ ನುಗ್ಗಿತ್ತು. ನನ್ನ ಕೈಯ ಟ್ಯಾಬ್‌ನಲ್ಲಿ ಮುಖ್ಯವಾಗಿ ಒಂದೇ ಪ್ರಶ್ನೆ: ಗೋಡೆಯ ಮೇಲೆ ನೀರು ನಿಂತ ಗುರುತು ಇದೆಯೇ? ಇದ್ದರೆ ಎಷ್ಟು ಎತ್ತರ? ಆಚೆ ದಂಡೆಯ ಲೇಔಟಿನವರು ಜಾಣರು. ಗೇಟಿನ ಪಕ್ಕದ ಕೊಳೆಗೆರೆಯನ್ನು ಒರೆಸದೆ ಹಾಗೇ ಬಿಟ್ಟಿದ್ದರು. ಕೆಲವರು ಅದರ ಮೇಲೆ ಚಾಕ್‌ಪೀಸಿನಲ್ಲಿ ತಾರೀಕು ಬರೆದಿದ್ದರು. ಅವರ ಸಂಘದ ಅಧ್ಯಕ್ಷ ಏಕಾಂತಯ್ಯನವರು, ಬ್ಯಾಂಕಿನಿಂದ ರಿಟೈರಾದವರು, ಒಂದೊಂದು ಮನೆಯ ಫೋಟೊ ತೆಗೆಸಿ ಫೈಲು ಮಾಡಿಟ್ಟಿದ್ದರು. ಟಕಟಕನೆ 'ಇದೆ, ಇದೆ' ಒತ್ತಿಕೊಂಡು ಬಂದೆ.

ಈಚೆ ದಂಡೆಯಲ್ಲಿ ಇಟ್ಟಿಗೆ ಗೂಡು ಲೈನ್. ಹಿಂದೆ ಇಲ್ಲಿ ಮಣ್ಣು ತೋಡಿ ಇಟ್ಟಿಗೆ ಸುಡುತ್ತಿದ್ದರು. ತೋಡಿದ ತಗ್ಗಿನಲ್ಲೇ ಆಮೇಲೆ ಸಣ್ಣ ಸಣ್ಣ ಸೈಟು ಬಿದ್ದು ಅರವತ್ಮೂರು ಮನೆ ಎದ್ದವು. ಬಹಳಷ್ಟು ಮಂದಿ ಗದಗ, ಕೊಪ್ಪಳ, ಬಾಗಲಕೋಟೆ ಕಡೆಯವರು. ಆ ಲೈನಿಗೆ ಕಾಲಿಟ್ಟಾಗ ನನಗೆ ಕಣ್ಣು ತಂಪಾಯಿತು. ಒಂದೊಂದು ಗೋಡೆಯೂ ಹೊಸ ಸುಣ್ಣ ಬಳಿದುಕೊಂಡು, ಕೆಳಗೆ ಕೆಮ್ಮಣ್ಣಿನ ಪಟ್ಟೆ ಎಳೆಸಿಕೊಂಡು ಮದುವೆಗೆ ಹೊರಟ ಹಾಗೆ ನಿಂತಿತ್ತು.

ಲೈನಿನ ನಡುವೆ ಲಕ್ಷ್ಮವ್ವನ ಮನೆ. ಅವತ್ತು ಅವರಿಗೆ ರಜೆ. ಬಾಗಿಲಲ್ಲಿ ಕೂತು ಹಾಸಿಗೆಯ ತೊಳೆದ ಹೊದಿಕೆ ಮಡಚುತ್ತಿದ್ದರು.

"ನೀರು ಬಂದಿತ್ತಾ ಆಂಟಿ?"

"ಬಂದಿತ್ತು, ಹೋತು. ಕುಂದ್ರು ತಮ್ಮಾ, ಚಾ ಕುಡಿ."

"ಗೋಡೆ ಮೇಲೆ ಗುರುತು ಎಲ್ಲೂ ಕಾಣ್ತಿಲ್ವಲ್ಲ?"

"ಗುರುತು ಯಾಕ ಕಾಣಬೇಕು? ನಾಳೆ ಘಟ್ಟ ಹಾಕೂದೈತಿ. ಹೊಲಸ ಗ್ವಾಡಿ ಮುಂದ ದೇವರನ್ನ ಕುಂದ್ರಸ್ತಾರೇನು?"

ಮಹಾನವಮಿಯ ಘಟ್ಟ ಹಾಕುವ ಮುನ್ನ ಮನೆಯ ಕಸವೆಲ್ಲ ಹೊರಗೆ ಹೋಗಬೇಕು, ಹಾಸಿಗೆಯೆಲ್ಲ ತೊಳೆಯಬೇಕು, ಗೋಡೆಗೆ ಸುಣ್ಣವಾಗಬೇಕು. ಅದು ಅವರ ಕಡೆಯ ಪದ್ಧತಿ. ಮನೆಯೊಳಗೆ ಚರಂಡಿ ನೀರು ಮೂರು ದಿನ ನಿಂತಿದ್ದ ಈ ಸಲವಂತೂ ಆ ಪದ್ಧತಿಯನ್ನು ಇನ್ನಷ್ಟು ಹಟದಿಂದ ಮಾಡಿದ್ದರು. ನಾನು ಅವರ ಚಹಾ ಕುಡಿದು, ಒಗ್ಗರಣೆ ಹಾಕಿದ ಚುರುಮುರಿ ತಿಂದು, ಅವರ ಎದುರೇ ಕೂತು ಟ್ಯಾಬ್‌ನಲ್ಲಿ 'ಗುರುತು ಇಲ್ಲ' ಒತ್ತಿದೆ. ನೀರು ಬಂದಿತ್ತು ಎಂಬ ಬಾಯಿಮಾತಿಗೆ ಅದರಲ್ಲಿ ಕಾಲಂ ಕಾಣಲಿಲ್ಲ. ಇದೆಯೋ ಇಲ್ಲವೋ ಎಂದು ಹುಡುಕಲೂ ಇಲ್ಲ, ನಿಜ ಹೇಳುತ್ತೇನೆ. ಅರವತ್ಮೂರು ಮನೆಗೂ 'ಇಲ್ಲ' ಒತ್ತಿ, ಐದು ಗಂಟೆಗೆಲ್ಲ ಕೆಲಸ ಮುಗಿಸಿ ಮನೆಗೆ ಹೋದೆ.

ಜನವರಿಯಲ್ಲಿ ಆಚೆ ದಂಡೆಯ ಉದ್ದಕ್ಕೂ ಗೂಟ ಬಿತ್ತು. ಅದಕ್ಕೆ ಕೆಂಪು ಟೇಪು ಕಟ್ಟಿದ್ದರು. ಎಂಟಡಿ ಎತ್ತರದ ತಡೆಗೋಡೆ ಬರುತ್ತದೆ ಎಂಬ ಸುದ್ದಿ ಗಾರ್ಮೆಂಟ್ಸ್‌ನ ಊಟದ ಹೊತ್ತಿನಲ್ಲಿ ಲಕ್ಷ್ಮವ್ವನ ಕಿವಿಗೆ ಬಿತ್ತು. ಈಚೆ ದಂಡೆಗೆ ಗೂಟ ಯಾಕಿಲ್ಲ ಎಂದು ಕೇಳಲು ವಾರ್ಡ್ ಕಚೇರಿಗೆ ಹೋದರು. ಗೋಡೆಯ ಮೇಲೆ ಕರಡು ಯೋಜನೆಯ ನಕ್ಷೆ ತೂಗುತ್ತಿತ್ತು. ಆಚೆ ದಂಡೆ ಕೆಂಪು, ಅಂದರೆ ಮುಳುಗುವ ಜಾಗ, ರಕ್ಷಣೆ ಕೊಡಬೇಕು. ಇಟ್ಟಿಗೆ ಗೂಡು ಲೈನ್ ಹಸಿರು, ಅಂದರೆ ಸುರಕ್ಷಿತ, ಏನೂ ಬೇಕಿಲ್ಲ. ಒಂದೇ ಕಡೆ ಎಂಟಡಿ ಗೋಡೆ ಎದ್ದರೆ ಮುಂದಿನ ಮಳೆಗೆ ಆಚೆಯ ನೀರೂ ಸೇರಿ ಈಚೆಗೇ ನುಗ್ಗುತ್ತದೆ. ಅದನ್ನು ತಿಳಿಯಲು ಡಿಪ್ಲೊಮಾ ಬೇಕಾಗಿಲ್ಲ. ಈ ಸರ್ವೇ ಮಾಡಿದವನು ಯಾರು ಎಂದು ಕೇಳಿ, ಗುಮಾಸ್ತನ ತಲೆ ತಿಂದು, ನನ್ನ ನಂಬರ್ ಈಸಿಕೊಂಡರು.

"ರೇವಂತ್ ಅನ್ನಾಂವ ನೀನೇನು? ನಾ ಲಕ್ಷ್ಮವ್ವ, ಇಟ್ಟಿಗಿ ಗೂಡಿನಾಕಿ. ನಿನ್ನ ಪೀಸು ಆಲ್ಟರ್ ಬಂದೈತಿ. ಭಾನುವಾರ ಬಂದು ತಗೊಂಡ್ ಹೋಗು."

ಹೋಗದೆ ಇರಬಹುದಿತ್ತು. ಆದರೆ ಅವರ ಮನೆಯ ಚುರುಮುರಿ ತಿಂದಿದ್ದೆ. ಹೋದೆ.

ಬಾಗಿಲಲ್ಲೇ ಶುರುವಾಯಿತು. "ಎತ್ತು ಈದೈತಿ ಅಂದ್ರ ಕೊಟ್ಟಿಗ್ಯಾಗ ಕಟ್ಟು ಅಂದ್ರಂತ. ಹಂಗಾತು ನಿನ್ನ ಸರ್ವೇ. ನೀರು ಬಂದಿತ್ತು ಅಂತ ನಾ ಬಾಯಿ ಬಿಟ್ಟು ಹೇಳಿಲ್ಲೇನು?"

"ಹೇಳಿದ್ರಿ ಆಂಟಿ. ಆದ್ರೆ ಗುರುತು ಇರ್ಲಿಲ್ಲ. ನೀವೇ ಸುಣ್ಣ ಹೊಡೆದು ಅಳಿಸಿಬಿಟ್ರಿ, ನಾನೇನ್ ಮಾಡ್ಲಿ?" ತಪ್ಪು ಮಾಡಿದವನಿಗೆ ದನಿ ಜೋರು. ನನ್ನದೂ ಏರಿತ್ತು.

"ಆಂಟಿ ಗೀಂಟಿ ಬ್ಯಾಡ, ಅಕ್ಕಾ ಅನ್ನು. ಅಳಿಸೀವಿ ಅಂತ ಯಾರು ಹೇಳಿದ್ರು ನಿನಗ?" ಎಂದವರೇ ನನ್ನ ತೋಳು ಹಿಡಿದು ಗೋಡೆಗೆ ಮುಖ ಮಾಡಿ ನಿಲ್ಲಿಸಿದರು. "ಈ ಕೆಮ್ಮಣ್ಣು ಎಲ್ಲೀತನ ಐತಿ ನೋಡು."

ಸೊಂಟದವರೆಗೆ ಇತ್ತು.

"ನಮ್ಮ ಊರಾಗ ಗ್ವಾಡಿ ಬುಡಕ್ಕ ಕೆಮ್ಮಣ್ಣು ಒಂದು ಮೊಳ ಬಳೀತಾರ, ಒಂದ ಮೊಳ. ಇಲ್ಲಿ ಸೊಂಟದ ಮಟಾ ಯಾಕ ಬಳದೀವಿ? ಚಂದ ಕಾಣ್ತೈತಂತನಾ?"

ಅವರ ಗಂಡ ಮರೆಪ್ಪ ಗಾರೆ ಕೆಲಸದವರು, ಮಾತು ಕಡಿಮೆ. ಅವರೇ ಬಿಡಿಸಿ ಹೇಳಿದರು. ಮೋರಿ ನೀರಿನ ಕಲೆ ಸುಣ್ಣಕ್ಕೆ ಬಗ್ಗುವುದಿಲ್ಲ. ಮೂರು ಕೈ ಬಳಿದರೂ ಎಂಟು ದಿನದಲ್ಲಿ ಹಳದಿಯಾಗಿ ಹೊರಗೆ ಬರುತ್ತದೆ. ಕೆಮ್ಮಣ್ಣು ಮಾತ್ರ ಅದನ್ನು ಮುಚ್ಚುತ್ತದೆ. ಹಾಗಾಗಿ ನೀರು ಎಲ್ಲಿಯವರೆಗೆ ನಿಂತಿತ್ತೋ ಸರಿಯಾಗಿ ಅಲ್ಲಿಯವರೆಗೆ ಕೆಮ್ಮಣ್ಣು ಏರಿಸುತ್ತಾರೆ, ಅದರ ಮೇಲಕ್ಕೆ ಸುಣ್ಣ. ಪ್ರತಿ ಮನೆಯಲ್ಲೂ ಹಾಗೇ. ನಾನು ಅಲಂಕಾರ ಎಂದುಕೊಂಡದ್ದು ನೀರಿನ ಗೆರೆಯೇ ಆಗಿತ್ತು. ಅರವತ್ಮೂರು ಮನೆಯಲ್ಲಿ ಗೇಣಗಲದ್ದಲ್ಲ, ಗೋಡೆಯ ಉದ್ದಕ್ಕೂ ಕಣ್ಣಿಗೆ ಹೊಡೆಯುವಂತೆ ಇದ್ದ ಗುರುತನ್ನು ನೋಡಿ ನಾನು 'ಇಲ್ಲ' ಎಂದು ಬರೆದಿದ್ದೆ.

ಆದರೂ ನಂಬಿಕೆ ಸಾಲದು. ಗೆಳೆಯನೊಬ್ಬನ ಆಟೊ ಲೆವೆಲ್ ಯಂತ್ರ ತಂದು ಲೈನಿನ ತಲೆಯಲ್ಲಿ ಮೂರು ಕಾಲಿನ ಮೇಲೆ ನಿಲ್ಲಿಸಿದೆ. ಎತ್ತರ ತಗ್ಗು ಅಳೆಯುವ ದುರ್ಬೀನು ಅದು. ಮರೆಪ್ಪ ಅಳತೆಕೋಲು ಹಿಡಿದು ಮನೆಯಿಂದ ಮನೆಗೆ ನಡೆದರು. ಲೈನು ರಸ್ತೆಯಿಂದ ಕಾಲುವೆಯ ಕಡೆಗೆ ಇಳಿಜಾರು. ಮೇಲಿನ ಮನೆಗಳಲ್ಲಿ ಕೆಮ್ಮಣ್ಣು ಮಂಡಿಯವರೆಗೆ, ನಡುವಿನವುಗಳಲ್ಲಿ ಸೊಂಟದವರೆಗೆ, ಕಾಲುವೆ ಪಕ್ಕದವುಗಳಲ್ಲಿ ಎದೆಯವರೆಗೆ. ಒಬ್ಬೊಬ್ಬರು ಒಂದೊಂದು ಎತ್ತರಕ್ಕೆ ಬಳಿದ ಹಾಗೆ ಕಾಣುತ್ತದೆ. ಆದರೆ ಯಂತ್ರದಲ್ಲಿ ಕಣ್ಣಿಟ್ಟು ನೋಡಿದರೆ ಅಷ್ಟೂ ಪಟ್ಟೆಗಳ ಮೇಲಂಚು ಒಂದೇ ಮಟ್ಟ. ಅರವತ್ಮೂರು ಮನೆಗಳಲ್ಲಿ ಅತಿ ಹೆಚ್ಚಿನ ವ್ಯತ್ಯಾಸ ಎರಡು ಬೆರಳು. ನೀರು ನಿಂತು ಎಳೆದ ಗೆರೆ ಬಿಟ್ಟರೆ ಬೇರೆ ಯಾವುದೂ ಹಾಗೆ ಸಮನಾಗಿರಲು ಸಾಧ್ಯವಿಲ್ಲ. ನನಗೆ ನಾಚಿಕೆಯಾಯಿತು.

ಲಕ್ಷ್ಮವ್ವ ಅಷ್ಟಕ್ಕೆ ಬಿಡಲಿಲ್ಲ. ಅಡುಗೆಮನೆಯ ಮೂಲೆಯಲ್ಲಿ ಈಳಿಗೆಯ ಬೆನ್ನಿನಿಂದ ಕೆರೆದು ತೋರಿಸಿದರು. ಹೊಸ ಕೆಮ್ಮಣ್ಣಿನ ಕೆಳಗೆ ಹಳೆಯ ಕೆಮ್ಮಣ್ಣು, ಅದರ ಕೆಳಗೆ ಇನ್ನೂ ಹಳೆಯದು, ಒಂದೊಂದರ ಅಂಚು ಒಂದೊಂದು ಎತ್ತರದಲ್ಲಿ. ಅವರು ಮನೆ ಕಟ್ಟಿದ ಹೊಸತರಲ್ಲಿ ಪಾದ ಮುಳುಗುವಷ್ಟು, ಐದು ವರ್ಷದ ಮೇಲೆ ಮಂಡಿ, ಆಮೇಲೆ ತೊಡೆ, ಈಗ ಸೊಂಟ.

"ಮಳಿ ಜಾಸ್ತಿ ಆಗೇತಿ, ಒಪ್ಪಿದೆ. ಆದ್ರ ಬರೇ ಮಳಿನಽ ಇಷ್ಟು ಏರಸ್ತೈತೇನು? ಬಾ, ನೀರು ಹೋಗೋ ದಾರಿ ತೋರಸ್ತೀನಿ" ಎಂದು ಕಾಲುವೆಯ ದಂಡೆ ಹಿಡಿದು ಹೊರಟರು.

ಎಲ್ಲಿಗೆ ಹೋಗುತ್ತಿದ್ದೇವೆ ಎಂದು ನನಗೆ ಹತ್ತು ಹೆಜ್ಜೆಗೇ ಗೊತ್ತಾಯಿತು. ಲೈನಿನ ಪಕ್ಕ ಇಪ್ಪತ್ನಾಲ್ಕು ಅಡಿ ಅಗಲವಿರುವ ಕಾಲುವೆ, ಕೆಳಕ್ಕೆ ಇನ್ನೂರು ಹೆಜ್ಜೆ ಹೋದರೆ ಒಂದು ಕಾಂಪೌಂಡಿಗೆ ದಾರಿ ಬಿಟ್ಟು ಹನ್ನೊಂದು ಅಡಿಗೆ ಇಳಿಯುತ್ತದೆ. ಕಾಂಪೌಂಡಿನೊಳಗೆ ಮೂರು ಎಕರೆ ಬಯಲು, ಟೂರಿಸ್ಟ್ ಬಸ್ಸು ನಿಲ್ಲಿಸುವ ಯಾರ್ಡು. ನಾನು ಚಿಕ್ಕವನಿದ್ದಾಗ ಅದು ತಗ್ಗಿನ ಹೊಲ. ದೊಡ್ಡ ಮಳೆ ಬಂದರೆ ಎರಡು ದಿನ ಕೆರೆಯ ಹಾಗೆ ತುಂಬಿಕೊಂಡು, ಮೂರನೇ ದಿನ ಖಾಲಿಯಾಗುತ್ತಿತ್ತು. ಆಮೇಲೆ ಅದಕ್ಕೆ ಒಡೆದ ಕಟ್ಟಡಗಳ ಕಲ್ಲುಮಣ್ಣು ತುಂಬಿಸಿ ರಸ್ತೆಯ ಮಟ್ಟಕ್ಕೆ ಏರಿಸಿ, ಕಾಲುವೆಯ ಅರ್ಧ ಸೇರಿಸಿಕೊಂಡು ಗೋಡೆ ಕಟ್ಟಿಸಿದರು. ಕಟ್ಟಿಸಿದವರು ನಂಜುಂಡಪ್ಪನವರು, ನಮ್ಮ ದೊಡ್ಡಪ್ಪ. ನನ್ನ ಡಿಪ್ಲೊಮಾ ಫೀಸು ಕಟ್ಟಿದವರೂ ಅವರೇ.

"ಯಾರದ ಇದು?" ಲಕ್ಷ್ಮವ್ವ ಕೇಳಿದರು.

"ಗೊತ್ತಿಲ್ಲ ಅಕ್ಕ" ಎಂದೆ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡವನ ಹಾಗೆ ನನ್ನ ಮುಖವೇ ಹೇಳುತ್ತಿತ್ತೇನೋ. ಅವರು ಒಂದು ಗಳಿಗೆ ನನ್ನನ್ನೇ ನೋಡಿದರು.

"ಯಾರದರ ಇರವಲ್ದ್ಯಾಕ. ಅಳಿ" ಎಂದರು.

ಅಳೆದೆ. ಕಾಲುವೆಯ ಅಗಲ, ಗೋಡೆಯ ಎತ್ತರ, ಯಾರ್ಡಿನ ಮಟ್ಟ, ಎಲ್ಲ ಅಳೆದು ಬರೆದುಕೊಂಡೆ.

ಮಾರನೇ ದಿನ ಆಫೀಸಿನಲ್ಲಿ ನಮ್ಮ ಟೀಮ್ ಲೀಡರ್ ಸುಬ್ರಮಣಿಗೆ ಎಲ್ಲ ಹೇಳಿದೆ, ಯಾರ್ಡಿನ ಮಾತೊಂದು ಬಿಟ್ಟು. ಅವನು ತಲೆ ಚಚ್ಚಿಕೊಂಡ.

"ಗುರು, ಡ್ರಾಫ್ಟ್ ಹೋಗಾಯ್ತು. ಈಗ ಸರ್ವೇ ತಪ್ಪು ಅಂದ್ರೆ ಕಂಪನಿ ಮರ್ಯಾದೆ ಏನಾಗ್ಬೇಕು? ಆಮೇಲೆ ಇನ್ನೊಂದು ಕೇಳು. ಆ ಕಡೆ ಪಕ್ಕಾ ಸೈಟು, ಕೆಂಪು ಬಂದ್ರೆ ಗೋಡೆ ಕಟ್ತಾರೆ. ಈ ಕಡೆ ಸಣ್ಣ ಮನೆಗಳು. ಕೆಂಪು ಬಂದ್ರೆ ಎತ್ತಂಗಡಿ ಮಾಡ್ತಾರೆ. ಹಸಿರಲ್ಲಿ ಇರೋದೇ ಅವ್ರಿಗೆ ವಾಸಿ ಮಗಾ, ಸುಮ್ನಿರು."

ಅವನು ಹೇಳಿದ್ದರಲ್ಲಿ ಸುಳ್ಳಿರಲಿಲ್ಲ. ಗುರುತು ಇಲ್ಲ ಎಂದರೆ ಲೈನು ಮುಳುಗುತ್ತದೆ, ಗುರುತು ಇದೆ ಎಂದರೆ ಲೈನನ್ನೇ ಎತ್ತಿ ಬೇರೆಡೆ ಒಗೆಯುತ್ತಾರೆ. ಸಂಜೆ ಹೋಗಿ ಲಕ್ಷ್ಮವ್ವನಿಗೆ ಇದ್ದದ್ದು ಇದ್ದ ಹಾಗೆ ಹೇಳಿದೆ. ನಾಲ್ಕು ದಿನ ಬಿಟ್ಟರೆ ಬಸವೇಶ್ವರನಗರದ ಸಮುದಾಯ ಭವನದಲ್ಲಿ ಆಕ್ಷೇಪಣೆ ಕೇಳುವ ಸಭೆ. ಹೇಳುವುದಿದ್ದರೆ ಅಲ್ಲೇ ಹೇಳಬೇಕು, ಆಮೇಲೆ ಯೋಜನೆ ಮುದ್ರೆ ಬಿದ್ದು ಹೋಗುತ್ತದೆ.

ಮೊದಲು ಬಾಯಿ ತೆಗೆದವರು ಮರೆಪ್ಪ. "ಸುಮ್ಕ ಇರೂಣ. ನೀರು ಬಂದ್ರ ಮೂರು ದಿನ ಮ್ಯಾಳಿಗಿ ಮ್ಯಾಲ ಕುಂತ್ರಾತು. ಇನ್ನೊಮ್ಮೆ ಊರು ಬಿಡಾಕ ನನ್ನ ಕೈಲೆ ಆಗಂಗಿಲ್ಲ."

ಇನ್ನೊಮ್ಮೆ ಎಂದರೇನು ಎಂದು ಆಗ ಗೊತ್ತಾಯಿತು. ಅವರದು ನರಗುಂದದ ಕಡೆ, ಹಳ್ಳದ ದಂಡೆಯ ಊರು. ಎರಡು ಸಾವಿರದ ಒಂಬತ್ತರ ನೆರೆಯಲ್ಲಿ ಊರಿಗೆ ಊರೇ ನೀರಲ್ಲಿ ನಿಂತಿತು. ಆಮೇಲೆ ಎರೆಹೊಲದ ನಡುವೆ ಸಾಲಾಗಿ ಮನೆ ಕಟ್ಟಿಕೊಟ್ಟು, ಇದು ನಿಮ್ಮ ಹೊಸ ಊರು ಎಂದರು. ದನ ಕಟ್ಟಲು ಜಾಗವಿಲ್ಲ, ಹೊಲಕ್ಕೆ ಹೋಗಲು ಮೂರು ಮೈಲಿ. ಬಾವಿಯಿಲ್ಲ. ಮಳೆ ಬಂದರೆ ಎರೆಮಣ್ಣು ಹಿಗ್ಗಿ ಹೊಸ ಗೋಡೆಗಳೆಲ್ಲ ಬಿರುಕು. ಒಬ್ಬೊಬ್ಬರಾಗಿ ಎದ್ದು ಹೋದರು. ಲಕ್ಷ್ಮವ್ವ, ಮರೆಪ್ಪ ಎದ್ದು ಬಂದದ್ದು ಇಲ್ಲಿಗೆ. ಆರು ವರ್ಷ ಬಾಡಿಗೆ ಶೀಟಿನ ಮನೆಯಲ್ಲಿದ್ದು, ಮರೆಪ್ಪ ಊರ ಮಂದಿಯ ಮನೆಯೆಲ್ಲ ಕಟ್ಟಿ, ಭಾನುವಾರಗಳಲ್ಲಿ ತಮ್ಮ ಈ ಮನೆ ಕಟ್ಟಿದರು. ಇಟ್ಟಿಗೆ ಹೊತ್ತವರು ಲಕ್ಷ್ಮವ್ವ.

ಅವರು ಗಂಡನ ಕಡೆ ತಿರುಗಿದರು. ದನಿ ಏರಿಸಲಿಲ್ಲ. "ನನಗ ಮನಸ್ಸೈತೇನು ಹೋಗಾಕ? ಆದ್ರ ಹಸಿರು ಬಳದಾರ ಅಂತ ನೀರು ಹೆದರಿ ಹೊಳ್ಳಿ ಹೊಕ್ಕೈತೇನು? ಈ ಸಲ ಸೊಂಟ. ಆಚಿ ಕಡಿ ಗ್ವಾಡಿ ಎದ್ರ ಕುತಿಗಿ. ಅವಾಗ ಲಾರಿ ತಂದು, ನಡೀರಿ, ನಿಮ್ಮ ಜೀವಕ್ಕ ಅಪಾಯ ಐತಿ ಅಂತಾರ. ಅವತ್ತು ಹೊತ್ತುಕೊಂಡು ಹೋಗಾಕ ಏನೂ ಉಳಿದಿರಂಗಿಲ್ಲ. ಸುಳ್ಳಿನ ಮ್ಯಾಲ ಕುಂತು ಮನಿ ಕಾಯೂದು ಬ್ಯಾಡ. ಖರೇ ಹೇಳೂಣ. ಹೇಳೀನೂ ಹೋಗೂದು ಬ್ಯಾಡ."

ಖರೆ ಹೇಳಿಯೂ ಹೋಗುವುದು ಬೇಡ. ಈ ಆಯ್ಕೆ ನಮ್ಮ ಯೋಜನೆಯ ಇನ್ನೂರ ಹತ್ತು ಪುಟದಲ್ಲಿ ಎಲ್ಲೂ ಇರಲಿಲ್ಲ.

ಸಭೆಯ ದಿನ ಲಕ್ಷ್ಮವ್ವ ಅರ್ಧ ದಿನ ರಜೆ ಹಾಕಿ, ಲೈನಿನ ನಲವತ್ತು ಹೆಂಗಸರನ್ನು ಕರೆದುಕೊಂಡು ಬಂದರು. ಗಾರ್ಮೆಂಟ್ಸ್‌ನ ಗುರುತಿನ ಚೀಟಿ ಇನ್ನೂ ಕೊರಳಲ್ಲಿತ್ತು. ಮುಂದಿನ ಸಾಲಿನ ಕುರ್ಚಿಗಳಲ್ಲಿ ಏಕಾಂತಯ್ಯ ಮತ್ತು ಅವರ ಸಂಘದವರು. ವೇದಿಕೆಯ ಮೇಲೆ ಇಂಜಿನಿಯರ್ ಮೇಡಂ, ಪಕ್ಕದಲ್ಲಿ ಬೋರ್ಡಿಗೆ ಅಂಟಿಸಿದ ದೊಡ್ಡ ನಕ್ಷೆ. ನಾನು ಕಂಪನಿಯ ಕಡೆಯವನಾಗಿ ಸುಬ್ರಮಣಿಯ ಪಕ್ಕ ಕೂತಿದ್ದೆ.

ಕೆಮ್ಮಣ್ಣಿನ ಕಥೆಯನ್ನು ಲಕ್ಷ್ಮವ್ವ ಎರಡೇ ನಿಮಿಷದಲ್ಲಿ ಹೇಳಿದರು. ಮೇಡಂ ಕೆಟ್ಟವರಲ್ಲ, ಗಮನವಿಟ್ಟು ಕೇಳಿದರು. ಆಮೇಲೆ ಸುಬ್ರಮಣಿ ಹೇಳಿದ ಹಾಗೇ ಆಯಿತು.

"ನೋಡಿಮ್ಮಾ, ನೀವು ಹೇಳೋದು ನಿಜ ಆದ್ರೆ ಅದು ಡೇಂಜರ್ ಜಾಗ. ಅಲ್ಲಿ ನೀವು ಇರೋದೇ ಸೇಫ್ ಅಲ್ಲ. ಸ್ಥಳಾಂತರದ ಲಿಸ್ಟಿಗೆ ಸೇರಿಸ್ತೀವಿ. ಕೆಂಗೇರಿ ಆಚೆ ಫ್ಲ್ಯಾಟ್ ಬರ್ತಾ ಇದೆ, ಮೂರು ನಾಲ್ಕು ವರ್ಷದಲ್ಲಿ ಕೊಡಿಸೋಣ."

"ಮೇಡಮ್ಮಾರ, ಒಂದು ಮಾತು ಕೇಳ್ತೀನ್ರಿ. ಈ ಏಕಾಂತಯ್ಯ ಸಾಹೇಬ್ರ ಮನಿಯಾಗೂ ನೀರು ಬಂದಿತ್ತಲ್ರಿ? ಅವರನ್ನ ಯಾವ ಊರಿಗೆ ಕಳಸ್ತೀರಿ?"

ಏಕಾಂತಯ್ಯನವರ ಮುಖ ಸಣ್ಣದಾಯಿತು.

"ಒಂದ ಮೋರಿ, ಒಂದ ಮಳಿ, ಒಂದ ನೀರು. ಅವರಿಗೆ ಗ್ವಾಡಿ, ನಮಗ ಲಾರಿ? ಇದ್ಯಾವ ಯೋಜನಾರಿ? ನಾ ಒಮ್ಮೆ ಹೊಸ ಊರಿಗೆ ಹೋಗಿ ನೋಡೀನಿ. ಇನ್ನೊಮ್ಮೆ ಹೋಗಂಗಿಲ್ಲ. ಬರ್ಕೋರಿ ಅದನ್ನ."

ಏಕಾಂತಯ್ಯ ಎದ್ದರು. ಮಾತು ಒರಟಾಗಿರಲಿಲ್ಲ. "ಎರಡೂ ಕಡೆ ಗೋಡೆ ಕಟ್ಟಿದ್ರೆ ನೀರು ಎಲ್ಲಿಗಮ್ಮಾ ಹೋಗ್ಬೇಕು? ಪ್ಲಾನ್‌ನಲ್ಲೇ ಬರೆದಿದ್ದಾರೆ, ನೀರಿಗೂ ಒಂದು ಜಾಗ ಬಿಡ್ಬೇಕು ಅಂತ."

"ಬಿಡಬೇಕ್ರಿ, ಯಾರು ಬ್ಯಾಡಂದ್ರು? ಜಾಗ ಬೇಕಂದ್ರ ಖಾಲಿ ಜಾಗ ಕೇಳ್ರಿ. ಮಂದಿ ತುಂಬಿದ ಮನಿ ಯಾಕ ಕೇಳ್ತೀರಿ?" ಎಂದು ಲಕ್ಷ್ಮವ್ವ ವೇದಿಕೆ ಹತ್ತಿದರು. ತಡೆಯಲು ಬಂದ ಜವಾನ ಅವರ ನೋಟಕ್ಕೇ ಹಿಂದೆ ಸರಿದ. ಬ್ಲೌಸಿನೊಳಗಿನ ಪರ್ಸಿನಿಂದ ಬಾಣದ ಸ್ಟಿಕ್ಕರ್ ತೆಗೆದು ನಕ್ಷೆಯ ಮೇಲೆ ಅಂಟಿಸಿದರು. ಬಾಣದ ತುದಿ ಆ ಮೂರು ಎಕರೆಯ ಮೇಲೆ ನಿಂತಿತ್ತು. "ಇಲ್ಲಿ ತಪ್ಪೈತಿ. ಇಲ್ಲಿ ಮೋರಿ ಹನ್ನೊಂದು ಫೂಟ್ ಆಗೇತಿ. ಇಲ್ಲಿ ನಿಂತ ನೀರು ಹೊಳ್ಳಿ ನಮ್ಮ ಮನಿಗೂ ಬರ್ತೈತಿ, ಸಾಹೇಬ್ರ ಮನಿಗೂ ಬರ್ತೈತಿ. ಮನಿಯಿಲ್ಲ, ಮಠ ಇಲ್ಲ, ಬಸ್ಸು ನಿಂತಾವು. ಬಸ್ಸಿಗೆ ಗಾಲಿ ಅದಾವ್ರಿ, ಅವು ಸ್ಥಳಾಂತರ ಆಗ್ಲಿ."

ಹೆಂಗಸರೆಲ್ಲ ಗೊಳ್ಳನೆ ನಕ್ಕರು. ಮುಂದಿನ ಸಾಲಿನಲ್ಲೂ ಒಬ್ಬಿಬ್ಬರು ನಕ್ಕರು.

ಮೇಡಂ ನಗಲಿಲ್ಲ. "ಬಾಯಲ್ಲಿ ಹೇಳಿದ್ರೆ ಆಗಲ್ಲಮ್ಮಾ. ಆ ಜಾಗ ಯಾರದು, ಒತ್ತುವರಿ ಎಷ್ಟು, ಯಾರು ಅಳತೆ ಮಾಡಿದ್ದು? ದಾಖಲೆ ಬೇಕು."

ಲಕ್ಷ್ಮವ್ವ ತಿರುಗಿ ನನ್ನನ್ನು ನೋಡಿದರು. ಕರೆಯಲಿಲ್ಲ, ಬೆರಳು ತೋರಿಸಲಿಲ್ಲ. ಸುಮ್ಮನೆ ನೋಡಿದರು, ಅಷ್ಟೆ. ಸುಬ್ರಮಣಿ ನನ್ನ ಮೊಣಕೈ ಹಿಡಿದ. "ಏಳಬೇಡ ಕಣೋ" ಎಂದು ಹಲ್ಲಿನ ಸಂದಿಯಲ್ಲೇ ಹೇಳಿದ. ನನಗೆ ಹೆದರಿಕೆಯಾಯಿತು. ದೊಡ್ಡಪ್ಪನ ಮುಖ, ಅಮ್ಮನ ಮುಖ, ಮುಂದಿನ ತಿಂಗಳ ಸಂಬಳ, ಎಲ್ಲ ಒಟ್ಟಿಗೆ ಕಣ್ಣ ಮುಂದೆ ಬಂತು.

ಎದ್ದೆ. "ಅಳತೆ ಮಾಡಿದ್ದು ನಾನು ಮೇಡಂ. ಸೆಪ್ಟೆಂಬರ್‌ನಲ್ಲಿ ಗುರುತು ಇಲ್ಲ ಅಂತ ತಪ್ಪು ಬರೆದವನೂ ನಾನೇ" ಎಂದು ಮೊದಲು ಅದನ್ನು ಹೇಳಿಬಿಟ್ಟೆ. ಆಮೇಲೆ ಕೆಮ್ಮಣ್ಣಿನ ಮಟ್ಟ, ಕಾಲುವೆಯ ಅಗಲ, ಯಾರ್ಡಿನ ಎತ್ತರ ಒಂದೊಂದಾಗಿ ಓದಿದೆ. ಜಾಗ ಯಾರದು ಎಂದು ಮತ್ತೆ ಕೇಳಿದರು. ಸರ್ವೇ ನಂಬರ್ ಹೇಳಿದೆ, ಅದನ್ನು ಪುಸ್ತಕ ನೋಡಿ ಹೇಳಬೇಕಾಗಿರಲಿಲ್ಲ. "ನಂಜುಂಡಪ್ಪ ಅಂತ. ನಮ್ಮ ದೊಡ್ಡಪ್ಪ."

ಸಭೆಯ ನಡಾವಳಿಯಲ್ಲಿ ಮೂರು ಸಾಲು ಬಿತ್ತು. ಒಂದೇ ದಂಡೆಯ ತಡೆಗೋಡೆ ಕೆಲಸ ತಡೆಹಿಡಿಯಲಾಗಿದೆ. ಎರಡೂ ದಂಡೆಯನ್ನು ಹೊಸದಾಗಿ ಅಳೆಯತಕ್ಕದ್ದು. ಕೆಳಗಿನ ಒತ್ತುವರಿ ತೆರವಾಗುವವರೆಗೆ ಯಾರನ್ನೂ ಸ್ಥಳಾಂತರಿಸುವ ಮಾತು ಎತ್ತತಕ್ಕದ್ದಲ್ಲ. ಮೂರನೇ ಸಾಲನ್ನು ಬರೆಯಿಸುವವರೆಗೆ ಲಕ್ಷ್ಮವ್ವ ವೇದಿಕೆಯಿಂದ ಇಳಿಯಲಿಲ್ಲ. ಬರೆದದ್ದನ್ನು ತಾವೇ ಅಕ್ಷರ ಕೂಡಿಸಿ ಓದಿ, 'ತಕ್ಕದ್ದಲ್ಲ' ಎನ್ನುವ ಕಡೆ ಬೆರಳಿಟ್ಟು, ಸರಿ ಎಂದ ಮೇಲೆ ಸಹಿ ಹಾಕಿದರು. ಹೊರಗೆ ಏಕಾಂತಯ್ಯ ಕಾಯುತ್ತಿದ್ದರು. ತಮ್ಮ ಫೋಟೊಗಳ ಫೈಲನ್ನು ಅವರ ಕೈಗಿಟ್ಟು, "ಒತ್ತುವರಿ ಅರ್ಜಿಗೆ ನಮ್ಮ ಸಂಘದ ಸಹಿಯೂ ಹಾಕ್ತೀವಮ್ಮಾ" ಎಂದರು.

ಗೆದ್ದೆವು ಎಂದು ಹೇಳುವ ಹಾಗಿಲ್ಲ. ಮೂರು ತಿಂಗಳಾಯಿತು, ಆಚೆ ದಂಡೆಯ ಗೂಟ ಕಿತ್ತಿದ್ದಾರೆ, ಯಾರ್ಡಿನ ಗೋಡೆ ಇನ್ನೂ ನಿಂತಿದೆ. ದೊಡ್ಡಪ್ಪ ಕೋರ್ಟಿಗೆ ಹೋಗಿದ್ದಾರೆ. ಕಂಪನಿ ನನ್ನ ಕಾಂಟ್ರ್ಯಾಕ್ಟ್ ಮುಂದುವರಿಸಲಿಲ್ಲ. ನಮ್ಮಮ್ಮ ಚಿಕ್ಕಲಕ್ಷ್ಮಮ್ಮ ಒಂದು ವಾರ ನನ್ನ ಜೊತೆ ಮಾತಾಡಲಿಲ್ಲ, ಎಂಟನೇ ದಿನ "ಸರಿಯಾಗೇ ಮಾಡಿದೀಯ ಬಿಡು" ಎಂದು ತಟ್ಟೆ ಇಟ್ಟರು. ದೊಡ್ಡಪ್ಪ ಮಾತ್ರ ಹಬ್ಬದ ಊಟಕ್ಕೆ ಎಲ್ಲರನ್ನೂ ಕರೆದು, ನನ್ನ ಹೆಸರು ಬಂದಾಗ, "ಉಂಡ ಮನೆ ಜಂತೆ ಎಣಿಸೋನಿಗೆ ಎಲೆ ಹಾಕಲ್ಲ" ಎಂದರಂತೆ.

ಕಳೆದ ಭಾನುವಾರ ಲಕ್ಷ್ಮವ್ವನ ಮನೆಗೆ ಹೋಗಿದ್ದೆ. ಒತ್ತುವರಿ ಅರ್ಜಿಗೆ ನಕ್ಷೆ ಬರೆದುಕೊಡುವ ಕೆಲಸ ಈಗ ನನ್ನದೇ. ಬರೆಯುತ್ತಾ ಕೂತವನಿಗೆ ತಡೆಯಲಾಗಲಿಲ್ಲ, ಕೇಳಿದೆ. "ಅಕ್ಕಾ, ಅವತ್ತು ಆ ಜಾಗ ಯಾರದು ಅಂತ ನಿಮಗೆ ನಿಜವಾಗ್ಲೂ ಗೊತ್ತಿರ್ಲಿಲ್ವಾ?"

"ಗೊತ್ತಿತ್ತು."

"ನಾನು ಅವರ ತಮ್ಮನ ಮಗ ಅಂತ?"

"ಅದೂ ಗೊತ್ತಿತ್ತು. ವರ್ಷಕ್ಕೊಮ್ಮೆ ನಿಮ್ಮ ದೊಡ್ಡಪ್ಪನ ಹುಟ್ಟುಹಬ್ಬದ ಫ್ಲೆಕ್ಸು ಸರ್ಕಲ್‌ನ್ಯಾಗ ಕಟ್ತಾರಲ್ಲ, ಅದರಾಗ ಕೆಳಗಿನ ಸಾಲಿನ್ಯಾಗ ಕರೇ ಚಸ್ಮಾ ಹಾಕ್ಕೊಂಡು ನಿಂತಾಂವ ನೀನಽ ಅಲ್ಲೇನು? ಅದಕ್ಕ ನಿನ್ನ ಕೈಲೇನಽ ಅಳತಿ ಮಾಡಿಸಿದೆ. ನಾವು ಅಳದ್ರ ಸುಳ್ಳು ಅಂತಿದ್ರು. ಮನಿ ಮಗ ಅಳದದ್ದನ್ನ ಯಾರು ಸುಳ್ಳು ಅಂತಾರ?"

ನನಗೆ ಸಿಟ್ಟು ಬಂತು, ಸುಳ್ಳು ಹೇಳುವುದಿಲ್ಲ. ಕೆಲಸ ಹೋದದ್ದು ನನ್ನದು, ಎಲೆ ತಪ್ಪಿದ್ದು ನನ್ನದು. "ನಾನು ಎದ್ದು ನಿಲ್ಲದೆ ಹೋಗಿದ್ರೆ? ಬಾಯಿ ಮುಚ್ಕೊಂಡು ಕೂತಿದ್ರೆ ಏನ್ ಮಾಡ್ತಿದ್ರಿ?"

ಲಕ್ಷ್ಮವ್ವ ನನ್ನ ಮುಂದೆ ಚಹಾದ ಲೋಟ ಇಟ್ಟರು. ಮುಖದಲ್ಲಿ ಅನುಮಾನದ ಎಳೆಯೂ ಇರಲಿಲ್ಲ.

"ಇನ್ನೊಬ್ಬಾಂವನ ಹುಡುಕ್ತಿದ್ದೆ, ತಮ್ಮಾ. ಅಂವ ಕುಂತ್ರ ಮತ್ತೊಬ್ಬಾಂವನ. ನಾ ಏನು ಎಲ್ಲಿಗರ ಹೋಗಾಕಿ ಅದೀನೇನು?"